ಮನೆಯ ಗಣಕಯಂತ್ರಕ್ಕೊಂದು ಹಗುರವಾದ ಪಿ.ಡಿ.ಎಫ್. ರೀಡರ್

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಾಲ್ವತ್ತು ದಾಟಿದ ಮೇಲೆ ಈ ಮಾತಿನ ಅರ್ಥ ಪ್ರತಿಯೊಬ್ಬರಿಗೂ ತಾನಾಗಿಯೇ ತಿಳಿಯುತ್ತದೆ. ಅಕ್ಷರಗಳು ಮಂಜಾಗುತ್ತವೆ, ಪುಸ್ತಕ ಹಿಡಿದ ಕೈ ದಿನದಿಂದ ದಿನಕ್ಕೆ ದೂರ ಸರಿಯುತ್ತದೆ, ಕೊನೆಗೊಂದು ದಿನ ಕನ್ನಡಕವು ಮೂಗನ್ನೇರುತ್ತದೆ. ಅಂತಹ ಕಣ್ಣುಗಳಿಗೆ ಗಣಕಯಂತ್ರವು ಒಂದು ವರವೇ ಸರಿ. ಅಚ್ಚಿನ ಪುಸ್ತಕದಲ್ಲಿ ಅಕ್ಷರದ ಗಾತ್ರವನ್ನು ಮುದ್ರಕನು ಒಮ್ಮೆ ನಿಶ್ಚಯಿಸಿದರೆ ಮುಗಿಯಿತು. ಪರದೆಯ ಮೇಲಾದರೋ ಓದುವವರೇ ಅದನ್ನು ತಮಗೆ ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು.

ನಾಗಪುರದ ಸೀತಾಬರ್ಡಿಯಂತಹ ಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವರದ ಬೆಲೆ ಇನ್ನೂ ಹೆಚ್ಚು. 1817ರ ನವೆಂಬರಿನಲ್ಲಿ ಭೋಂಸಲೆಯವರ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೂ ಕಾಳಗ ನಡೆದ ಜೋಡಿ ಗುಡ್ಡಗಳು, ಗುಡ್ಡದ ಮೇಲಿನ ಕೋಟೆ, ಕೆಳಗೆ ಬಟ್ಟೆಬರೆಯಿಂದ ಹಿಡಿದು ಮೊಬೈಲ್ ಫೋನಿನವರೆಗೆ ಎಲ್ಲವನ್ನೂ ಮಾರುವ ಪೇಟೆ, ಈಚೆಗೆ ಮೆಟ್ರೋ ರೈಲಿನ ಎರಡು ಮಾರ್ಗಗಳು ಕೂಡುವ ನಿಲ್ದಾಣ, ಇವೆಲ್ಲ ಬರ್ಡಿಯಲ್ಲಿವೆ. ಆದರೆ ಓದಬೇಕೆನಿಸಿದ ಕನ್ನಡ ಪುಸ್ತಕವು ಸಂಜೆಯೊಳಗೆ ಕೈಗೆ ಬರುವುದು ಸುಲಭವಲ್ಲ. ಬೆಂಗಳೂರು ಇಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಊರಿಗೆ ಹೋದವರು ಪೆಟ್ಟಿಗೆಯಲ್ಲಿ ತರುವ ನಾಲ್ಕಾರು ಪುಸ್ತಕಗಳನ್ನು ಬಿಟ್ಟರೆ, ಇಂದು ಇಂತಹ ಮನೆಗಳ ಕನ್ನಡ ಗ್ರಂಥಭಂಡಾರವೆಂದರೆ ಬಹುಮಟ್ಟಿಗೆ ಗಣಕಯಂತ್ರದೊಳಗಿನ ಪಿ.ಡಿ.ಎಫ್. ಕಡತಗಳೇ.

ಆದರೆ ಆ ಗಣಕಯಂತ್ರವು ಮಗನೋ ಮಗಳೋ ಕಾಲೇಜಿನಲ್ಲಿದ್ದಾಗ ಕೊಂಡದ್ದು. ಅದಕ್ಕೀಗ ಹತ್ತು ವರ್ಷ. ಮಕ್ಕಳು ಉದ್ಯೋಗಕ್ಕೆ ಪುಣೆಗೋ ಪರದೇಶಕ್ಕೋ ಹೋದರು. ಯಂತ್ರ ಮಾತ್ರ ಮನೆಯಲ್ಲಿ ಹಿರಿಯರ ಪಾಲಿಗೆ ಉಳಿಯಿತು. ಸಂಜೆ ಚಹಾ ಮುಗಿಸಿ ಹಳೆಯ ಕಾದಂಬರಿಯೊಂದನ್ನು ತೆರೆಯಲು ಹೋದರೆ ಒಂದು ನಿಮಿಷವಾದರೂ ಪುಟ ಮೂಡುವುದಿಲ್ಲ. ಮೂಡಿದ ಪುಟವನ್ನು ಸರಿಸಿದರೆ ಪರದೆ ಬಿಳಿಯಾಗಿ ನಿಲ್ಲುತ್ತದೆ. ನಾಲ್ಕು ದಿನ ಹೀಗೆ ಕಾದವರು ಐದನೆಯ ದಿನ ಯಂತ್ರದ ಮೇಲೆ ಬಟ್ಟೆ ಹೊದಿಸಿ ದೂರದರ್ಶನದ ಮುಂದೆ ಕುಳಿತುಬಿಡುತ್ತಾರೆ. ಅಂಗಡಿಯಲ್ಲಿ ವಿಚಾರಿಸಿದರೆ ಹೊಸ ಯಂತ್ರ ಕೊಳ್ಳಿರೆಂಬ ಸಲಹೆ ದೊರೆಯುತ್ತದೆ. ಹಲವು ಸಂದರ್ಭಗಳಲ್ಲಿ ಹಾಗೆ ಕೊಳ್ಳುವ ಅಗತ್ಯವೇ ಇರುವುದಿಲ್ಲ. ಕಡತವನ್ನು ತೆರೆದು ತೋರಿಸುವ ಪ್ರೋಗ್ರಾಮನ್ನು, ಅಂದರೆ ಪಿ.ಡಿ.ಎಫ್. ರೀಡರನ್ನು, ಬದಲಿಸಿದರೆ ಸಾಕಾಗುತ್ತದೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಪಿ.ಡಿ.ಎಫ್. ಎಂದರೇನು?

1980ರ ದಶಕದಲ್ಲಿ ಒಂದು ಯಂತ್ರದಲ್ಲಿ ಸಿದ್ಧಪಡಿಸಿದ ಬರಹವು ಇನ್ನೊಂದು ಯಂತ್ರದಲ್ಲಿ ಬೇರೆಯೇ ರೂಪದಲ್ಲಿ ಕಾಣುತ್ತಿತ್ತು. ಅಕ್ಷರಗಳು ಬದಲಾಗುತ್ತಿದ್ದವು, ಸಾಲುಗಳು ಎಲ್ಲೆಲ್ಲೋ ಮುರಿಯುತ್ತಿದ್ದವು. ಈ ತೊಡಕನ್ನು ನಿವಾರಿಸಲು ಅಡೋಬಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ ಅವರು 1991ರಲ್ಲಿ 'ಕ್ಯಾಮೆಲಾಟ್' ಎಂಬ ಯೋಜನೆಯನ್ನು ಮುಂದಿಟ್ಟರು. ಅದರ ಫಲವಾಗಿ 1993ರಲ್ಲಿ ಪಿ.ಡಿ.ಎಫ್. ಹೊರಬಂತು. ಪುಟದ ಮೇಲೆ ಯಾವ ಅಕ್ಷರ ಎಲ್ಲಿ, ಯಾವ ಅಳತೆಯಲ್ಲಿ ನಿಲ್ಲಬೇಕು, ಚಿತ್ರ ಎಲ್ಲಿರಬೇಕು ಎಂಬ ಪೂರ್ಣ ವಿವರವನ್ನು ಕಡತವೇ ಹೊತ್ತೊಯ್ಯುತ್ತದೆ. ಆದುದರಿಂದ ಧಾರವಾಡದಲ್ಲಿ ಸಿದ್ಧವಾದ ಪುಟವು ನಾಗಪುರದಲ್ಲಿಯೂ ಹಾಗೆಯೇ ಕಾಣುತ್ತದೆ.

2008ರಲ್ಲಿ ಇದು ಐ.ಎಸ್.ಓ. 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಆ ಮಾನಕವನ್ನು ಅನುಸರಿಸಿ ಯಾರು ಬೇಕಾದರೂ ರೀಡರನ್ನು ರಚಿಸಬಹುದು. ಪಿ.ಡಿ.ಎಫ್. ಎಂದೊಡನೆ ಒಂದೇ ಕಂಪನಿಯ ಪ್ರೋಗ್ರಾಮು ಬೇಕೇಬೇಕು ಎಂಬ ಭಾವನೆಗೆ ಆಧಾರವಿಲ್ಲ. ಪತ್ರವನ್ನು ಓದಲು ಅದನ್ನು ಬರೆದ ಲೇಖನಿಯೇ ಬೇಕೆಂದು ಯಾರೂ ಹೇಳುವುದಿಲ್ಲವಷ್ಟೆ.

ಭಾರ ಎಲ್ಲಿಂದ ಬರುತ್ತದೆ?

ಯಂತ್ರ ತಡವರಿಸುವುದಕ್ಕೆ ಎರಡು ಬಗೆಯ ಭಾರಗಳು ಕಾರಣ. ಮೊದಲನೆಯದು ಪ್ರೋಗ್ರಾಮಿನ ಭಾರ. ಎರಡನೆಯದು ಕಡತದ ಭಾರ. ಇವೆರಡನ್ನೂ ಬೇರ್ಪಡಿಸಿ ತಿಳಿದುಕೊಳ್ಳುವುದು ಒಳ್ಳೆಯದು. ಜ್ವರಕ್ಕೆ ಕಾರಣವನ್ನು ಅರಿಯದೆ ಔಷಧಿ ಕೊಟ್ಟರೆ ಪ್ರಯೋಜನವಾಗದು.

ದೊಡ್ಡ ಕಂಪನಿಗಳ ರೀಡರುಗಳು ಕಚೇರಿಯ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದಂಥವು. ಟಿಪ್ಪಣಿ ಬರೆಯುವುದು, ಸಹಿ ಹಾಕುವುದು, ನಮೂನೆ ತುಂಬುವುದು, ಕಡತವನ್ನು ಕಂಪನಿಯ ಸರ್ವರಿನಲ್ಲಿ ಇಡುವುದು, ಆಗಾಗ ತಾನೇ ನವೀಕರಣಗೊಳ್ಳುವುದು ಮುಂತಾದ ಹತ್ತಾರು ಸೌಲಭ್ಯಗಳು ಅವುಗಳಲ್ಲಿವೆ. ಹೀಗಾಗಿ ಅವುಗಳನ್ನು ಅಳವಡಿಸಲು ನೂರಾರು ಎಂ.ಬಿ.ಯಷ್ಟು ಜಾಗ ಬೇಕು. ಕೆಲವು ಭಾಗಗಳು ಯಂತ್ರ ಪ್ರಾರಂಭವಾದಾಗಲೇ ಎಚ್ಚರಗೊಂಡು ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಿರುತ್ತವೆ. ಕಾದಂಬರಿಯ ಮುಂದಿನ ಪುಟವನ್ನು ತಿರುವುವುದಷ್ಟೇ ಬೇಕಾದ ಮನೆಗೆ ಇದು ಗುಬ್ಬಚ್ಚಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟಂತೆ.

ಇನ್ನು ಕಡತದ ಭಾರ. ಹಳೆಯ ಕನ್ನಡ ಪುಸ್ತಕಗಳ ಪಿ.ಡಿ.ಎಫ್.ಗಳಲ್ಲಿ ಹೆಚ್ಚಿನವು ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳು. ಎ-4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಲಾಗಿ 2,480, ಉದ್ದಕ್ಕೆ 3,508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದ ಪುಟವಾದರೆ ಪ್ರತಿ ಚುಕ್ಕೆಗೂ ಮೂರು ಬೈಟುಗಳು ಬೇಕು. ಅಂದರೆ ಒಂದೇ ಪುಟಕ್ಕೆ ಸುಮಾರು 26 ಎಂ.ಬಿ. ಸ್ಮರಣೆ! ಕಡತದಲ್ಲಿ ಇದನ್ನು ಒತ್ತಿ ಸಂಕ್ಷೇಪಿಸಿ ಇಟ್ಟಿರುತ್ತಾರೆ. ತೋರಿಸುವಾಗ ಮತ್ತೆ ಬಿಡಿಸಬೇಕು. ಜೆಪೆಗ್-2000 ಎಂಬ ಸಂಕ್ಷೇಪಣ ವಿಧಾನದಲ್ಲಿ ಕಡತ ಚಿಕ್ಕದಾಗುತ್ತದೆ, ಆದರೆ ಬಿಡಿಸುವ ಶ್ರಮ ಸಾಮಾನ್ಯ ಜೆಪೆಗ್ ಚಿತ್ರಕ್ಕಿಂತ ಬಹಳ ಹೆಚ್ಚು. ಹತ್ತೇ ಎಂ.ಬಿ.ಯ ಪುಸ್ತಕವೊಂದು ಐವತ್ತು ಎಂ.ಬಿ.ಯ ಪುಸ್ತಕಕ್ಕಿಂತ ನಿಧಾನವಾಗಿ ತೆರೆಯುವುದುಂಟು. ಅದರ ಗುಟ್ಟು ಇದೇ.

ಉತ್ತಮವಾದ ಹಗುರ ರೀಡರು ಇಲ್ಲಿ ಎರಡು ಬಗೆಯಲ್ಲಿ ಜಾಣತನವನ್ನು ತೋರುತ್ತದೆ. ಪಿ.ಡಿ.ಎಫ್. ಕಡತದ ಕೊನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದರ ಪಟ್ಟಿಯೊಂದಿರುತ್ತದೆ. ರೀಡರು ಮೊದಲು ಆ ಪಟ್ಟಿಯನ್ನು ಓದಿ, ಬೇಕಾದ ಪುಟವಿರುವ ಸ್ಥಳಕ್ಕೆ ನೇರವಾಗಿ ಹೋಗುತ್ತದೆ. ಇಡೀ ಪುಸ್ತಕವನ್ನು ಮೊದಲಿನಿಂದ ಓದುತ್ತ ಕೂರುವುದಿಲ್ಲ. ಎರಡನೆಯದಾಗಿ, ಕಣ್ಣಿಗೆ ಕಾಣುವ ಪುಟವನ್ನೂ ಅದರ ಆಚೀಚಿನ ಪುಟಗಳನ್ನೂ ಮಾತ್ರ ಬಿಡಿಸಿಟ್ಟುಕೊಂಡು ಓದಿ ಮುಗಿದುದನ್ನು ಸ್ಮರಣೆಯಿಂದ ಹೊರಹಾಕುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಈ ಗುಣವೇ ಹಗುರತನ.

ಆರಿಸಲು ಯೋಗ್ಯವಾದವು ಯಾವುವು?

ವಿಂಡೋಸ್ ಯಂತ್ರವುಳ್ಳವರು ಮೊದಲು ಪರೀಕ್ಷಿಸಬೇಕಾದುದು ಸುಮಾತ್ರ ಪಿ.ಡಿ.ಎಫ್. ಕ್ಶಿಶ್ತೊಫ್ ಕೊವಾಲ್ಚಿಕ್ ಎಂಬ ಪ್ರೋಗ್ರಾಮರು ಇದನ್ನು 2006ರಲ್ಲಿ ಹೊರತಂದರು. ಇದು ಉಚಿತ, ಇದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. ಅಳವಡಿಸುವ ಕಡತ ಇಪ್ಪತ್ತು ಎಂ.ಬಿ.ಯೊಳಗಿನದು. ಅಳವಡಿಸದೆಯೇ ಪೆನ್‌ಡ್ರೈವಿನಿಂದ ನೇರವಾಗಿ ನಡೆಸಬಹುದಾದ ಪೋರ್ಟಬಲ್ ಆವೃತ್ತಿಯೂ ಇದೆ. ಪುಟವನ್ನು ಬಿಡಿಸುವ ಕೆಲಸಕ್ಕೆ ಇದು ಮ್ಯು-ಪಿ.ಡಿ.ಎಫ್. ಎಂಬ ವೇಗದ ಎಂಜಿನ್ನನ್ನು ಬಳಸಿಕೊಳ್ಳುತ್ತದೆ. ಸ್ಕ್ಯಾನ್ ಪುಸ್ತಕಗಳಿಗೆಂದೇ 1990ರ ದಶಕದ ಕೊನೆಯಲ್ಲಿ ರೂಪುಗೊಂಡ ದೇಜಾವು ಮಾದರಿಯ ಕಡತಗಳನ್ನೂ, ಇ-ಪಬ್ ಪುಸ್ತಕಗಳನ್ನೂ ಇದು ತೆರೆಯುತ್ತದೆ. ನಿನ್ನೆ ಎಲ್ಲಿಗೆ ಓದಿ ನಿಲ್ಲಿಸಿತ್ತೋ ಇಂದು ಅದೇ ಪುಟವನ್ನು ತೆರೆದು ಕೊಡುವುದು ಹಿರಿಯ ವಾಚಕರಿಗೆ ದೊಡ್ಡ ಉಪಕಾರ.

ಎರಡನೆಯದು ಕೆ.ಡಿ.ಇ. ಸಮುದಾಯದ ಒಕ್ಯುಲರ್. ಇದು ಲಿನಕ್ಸಿನಲ್ಲಿಯೂ ವಿಂಡೋಸಿನಲ್ಲಿಯೂ ದೊರೆಯುತ್ತದೆ. ಸುಮಾತ್ರಕ್ಕಿಂತ ಸ್ವಲ್ಪ ಭಾರ. ಆದರೆ ಸಾಲಿನ ಕೆಳಗೆ ಗೆರೆ ಎಳೆಯುವುದು, ನಮೂನೆ ತುಂಬುವುದು, ಡಿಜಿಟಲ್ ಸಹಿಯನ್ನು ಪರಿಶೀಲಿಸುವುದು ಇದರಲ್ಲಿ ಸಾಧ್ಯ. ಜರ್ಮನಿಯಲ್ಲಿ ಪರಿಸರಸ್ನೇಹಿ ವಸ್ತುಗಳಿಗೆ ಕೊಡುವ 'ಬ್ಲೌಅರ್ ಎಂಗೆಲ್' ಎಂಬ ಮುದ್ರೆಯನ್ನು 2022ರಲ್ಲಿ ಪಡೆದು, ಆ ಗೌರವಕ್ಕೆ ಪಾತ್ರವಾದ ಮೊದಲ ಗಣಕ ಪ್ರೋಗ್ರಾಮು ಇದೆನಿಸಿತು. ಐದು ವರ್ಷ ಹಳೆಯದಾದ ಯಂತ್ರದಲ್ಲಿಯೂ ಸರಿಯಾಗಿ ನಡೆಯಬೇಕೆಂಬುದು ಆ ಮುದ್ರೆಯ ನಿಬಂಧನೆಗಳಲ್ಲೊಂದು. ಚೆನ್ನಾಗಿರುವ ಯಂತ್ರವನ್ನು ಪ್ರೋಗ್ರಾಮಿನ ಭಾರಕ್ಕಾಗಿ ಗುಜರಿಗೆ ಹಾಕುವುದು ಜೇಬಿಗೂ ನಷ್ಟ, ನೆಲಕ್ಕೂ ನಷ್ಟ ಎಂಬ ವಿವೇಕ ಇದರಲ್ಲಿದೆ.

ವಿಂಡೋಸ್-10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್-11ಕ್ಕೆ ಒಗ್ಗದ ಹಳೆಯ ಯಂತ್ರಗಳಿಗೆ ಅನೇಕರು ಲಿನಕ್ಸ್ ಮಿಂಟನ್ನು ಹಾಕಿಸುತ್ತಿದ್ದಾರೆ. ಅದರೊಂದಿಗೆ ಎಕ್ಸ್‌ರೀಡರ್ ಎಂಬ ಸರಳವಾದ ರೀಡರು ಬಂದೇ ಇರುತ್ತದೆ. ಬೇರೆ ಹುಡುಕುವ ಅಗತ್ಯವಿಲ್ಲ.

ಬ್ರೌಸರಿನಲ್ಲಿಯೇ ಓದಬಾರದೇಕೆ ಎಂದು ಕೆಲವರು ಕೇಳಬಹುದು. ಕ್ರೋಮಿನಲ್ಲಿ 2010ರಿಂದಲೂ ಫೈರ್‌ಫಾಕ್ಸಿನಲ್ಲಿ 2013ರಿಂದಲೂ ಪಿ.ಡಿ.ಎಫ್. ನೋಡುವ ಏರ್ಪಾಟು ಒಳಗೇ ಇದೆ. ಎರಡು ಪುಟದ ರಕ್ತಪರೀಕ್ಷೆಯ ವರದಿ, ವಿದ್ಯುತ್ ಬಿಲ್ಲು, ರೈಲ್ವೆ ಟಿಕೇಟು ಇವನ್ನು ನೋಡಲು ಅದು ಧಾರಾಳವಾಗಿ ಸಾಕು. ಆದರೆ ಬ್ರೌಸರು ಸ್ವತಃ ಬಹಳಷ್ಟು ಸ್ಮರಣೆಯನ್ನು ನುಂಗುವಂಥದು. ಓದಿ ನಿಲ್ಲಿಸಿದ ಪುಟವನ್ನು ಎಲ್ಲ ಬ್ರೌಸರುಗಳೂ ನೆನಪಿಡುವುದಿಲ್ಲ. ಮುನ್ನೂರು ಪುಟಗಳ ಕಾದಂಬರಿಯನ್ನು ತಿಂಗಳುಗಟ್ಟಲೆ ಓದುವವರಿಗೆ ಪ್ರತ್ಯೇಕ ರೀಡರೇ ಅನುಕೂಲ.

ಕನ್ನಡದ ತೊಡಕುಗಳು

ಬೇರೆ ಊರುಗಳ ಸಲಹೆಗಳಲ್ಲಿ ಕಾಣದ ಒಂದು ಪ್ರಶ್ನೆ ಕನ್ನಡಿಗರ ಮುಂದಿದೆ. ಆರಿಸಿದ ರೀಡರು ಕನ್ನಡವನ್ನು ಸರಿಯಾಗಿ ತೋರಿಸುತ್ತದೆಯೆ?

ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಚಿಂತೆಯಿಲ್ಲ, ಅಲ್ಲಿರುವುದು ಚಿತ್ರ. ಬೆರಳಚ್ಚು ಮಾಡಿದ ಕಡತವಾದರೆ, ಅದರಲ್ಲಿ ಬಳಸಿದ ಅಕ್ಷರಮಾದರಿ, ಅಂದರೆ ಫಾಂಟು, ಕಡತದೊಳಗೇ ಸೇರಿರಬೇಕು. ಸೇರಿಲ್ಲದಿದ್ದರೆ ಕನ್ನಡದ ಸ್ಥಳದಲ್ಲಿ ಖಾಲಿ ಚೌಕಗಳೋ ಅರ್ಥವಿಲ್ಲದ ರೋಮನ್ ಅಕ್ಷರಗಳೋ ಕಾಣಿಸಿಕೊಳ್ಳುತ್ತವೆ. ಆಗ ರೀಡರನ್ನು ದೂಷಿಸಿ ಫಲವಿಲ್ಲ. ಕಳುಹಿಸಿದವರಿಗೆ ಫಾಂಟನ್ನು ಸೇರಿಸಿ ಮತ್ತೆ ಕಳುಹಿಸಲು ತಿಳಿಸಬೇಕು. ಸುಮಾತ್ರದಲ್ಲಿ ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಡತದ ವಿವರಗಳು ತೆರೆಯುತ್ತವೆ. ಫಾಂಟುಗಳ ಪಟ್ಟಿಯನ್ನು ಅಲ್ಲಿ ನೋಡಬಹುದು.

ಹುಡುಕುವ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಲಿಪಿಗೆ 1991ರಿಂದಲೇ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಬಹುಕಾಲ ಪುಸ್ತಕ ಪತ್ರಿಕೆಗಳು ಸಿದ್ಧವಾದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ 'ಕನ್ನಡ' ಎಂದು ಕಂಡರೂ ಯಂತ್ರದ ದೃಷ್ಟಿಯಲ್ಲಿ ಅದು ಬೇರೆಯೇ ಸರಣಿ. ಹೊಸ ಯೂನಿಕೋಡ್ ಕಡತಗಳಲ್ಲಿಯೂ ಒತ್ತಕ್ಷರ, ಗುಣಿತಗಳ ಸ್ಥಾನ ಹಿಂದುಮುಂದಾಗಿ ಹುಡುಕುವಿಕೆ ತಪ್ಪುವುದುಂಟು. ಇದು ಎಷ್ಟು ದೊಡ್ಡ ರೀಡರನ್ನು ಹಾಕಿದರೂ ಹೋಗದ ಕೊರತೆ. ಕನ್ನಡ ಪದ ಹುಡುಕಲಾಗಲಿಲ್ಲವೆಂದು ಭಾರವಾದ ಪ್ರೋಗ್ರಾಮಿಗೆ ಹಣ ತೆರುವ ಮೊದಲು ಈ ಅಂಶವನ್ನು ನೆನೆಯಬೇಕು.

ಓದಲು ಸಾಮಗ್ರಿ ಎಷ್ಟಿದೆ ಎಂಬುದನ್ನೂ ಇಲ್ಲಿಯೇ ಹೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜನೆಯಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಆ ಜಾಲತಾಣ ಮುಂದೆ ನಿಂತುಹೋದರೂ ಅದರ ಬಹುಭಾಗ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಭಂಡಾರವನ್ನು ಸೇರಿತು. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡು ಅರವತ್ತು ವರ್ಷಗಳಾದ ಮೇಲೆ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು 1942ರಲ್ಲಿ ತೀರಿಕೊಂಡರು, ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ. ಇವರ ಬರಹಗಳನ್ನು ಇಳಿಸಿಕೊಂಡು ಓದುವುದರಲ್ಲಿ ಯಾವ ಅಳುಕೂ ಬೇಡ. ಮರಾಠಿ ನೆರೆಹೊರೆಯ ನಡುವೆ ಬಾಳುವ ಕನ್ನಡ ಮನೆಗೆ ಗಳಗನಾಥರು ವಿಶೇಷ ಆಪ್ತರೆನಿಸುತ್ತಾರೆ. ಈಗಿನ ಲೇಖಕರ ಪುಸ್ತಕಗಳನ್ನಾದರೋ ಕೊಂಡೇ ಓದುವುದು ಧರ್ಮ.

ಹಗುರ ಸಾಲದ ಸಂದರ್ಭಗಳು

ಹಗುರವಾದುದೇ ಎಲ್ಲಕ್ಕೂ ಮದ್ದೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಇ-ಆಧಾರ್ ಕಡತವನ್ನು ತೆರೆಯಲು ಗುಪ್ತಪದ ಬೇಕು. ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದು ಮುಂದೆ ಹುಟ್ಟಿದ ವರ್ಷವನ್ನು ಸೇರಿಸಿದರೆ ಅದೇ ಗುಪ್ತಪದ. ಇಷ್ಟನ್ನು ಸುಮಾತ್ರವೂ ಮಾಡುತ್ತದೆ. ಆದರೆ ಅದರ ಮೇಲಿರುವ ಡಿಜಿಟಲ್ ಸಹಿ ನಿಜವಾದುದೇ ಎಂಬುದನ್ನು ಪರಿಶೀಲಿಸುವ ಶಕ್ತಿ ಸುಮಾತ್ರಕ್ಕಿಲ್ಲ. ನಮೂನೆಗಳ ಖಾಲಿ ಮನೆಗಳನ್ನು ತುಂಬಲೂ ಅದು ಹೇಳಿದ್ದಲ್ಲ. ಅಂತಹ ಕೆಲಸಕ್ಕೆ ಅಡೋಬಿಯ ರೀಡರನ್ನೋ ಒಕ್ಯುಲರನ್ನೋ ಇಟ್ಟುಕೊಳ್ಳುವುದು ಉಚಿತ. ಮನೆಯಲ್ಲಿ ದಿನದ ಬಳಕೆಗೆ ಚಿಕ್ಕ ಪಾತ್ರೆ, ಹಬ್ಬಕ್ಕೆ ದೊಡ್ಡ ಹಂಡೆ ಎರಡೂ ಇರುವಂತೆ ಎರಡು ರೀಡರುಗಳಿದ್ದರೆ ತಪ್ಪೇನಿಲ್ಲ. ದಿನವೂ ಓದಲು ತಾನಾಗಿ ತೆರೆದುಕೊಳ್ಳುವುದು ಹಗುರವಾದುದಾಗಿರಲಿ.

ಹಗುರ ರೀಡರಿನಿಂದ ಸುರಕ್ಷತೆಯ ಲಾಭವೂ ಸ್ವಲ್ಪಮಟ್ಟಿಗೆ ಇದೆ. ಪಿ.ಡಿ.ಎಫ್. ಕಡತದೊಳಗೆ ಜಾವಾಸ್ಕ್ರಿಪ್ಟ್ ಎಂಬ ಆಜ್ಞೆಗಳನ್ನು ಅಡಗಿಸಿಡಲು ಅವಕಾಶವಿದೆ. 2009ರ ಸುಮಾರಿಗೆ ದುಷ್ಟರು ಇದನ್ನೂ ರೀಡರಿನ ಇತರ ದೋಷಗಳನ್ನೂ ಬಳಸಿಕೊಂಡು ಯಂತ್ರಗಳಿಗೆ ನುಗ್ಗಿದ ಪ್ರಸಂಗಗಳು ಹೆಚ್ಚಿದವು. 2010ರಲ್ಲಿ ಅಡೋಬಿಯು ತನ್ನ ರೀಡರನ್ನು ಕಾವಲಿನೊಳಗೆ ನಡೆಸುವ ಏರ್ಪಾಟನ್ನು ತಂದಿತು. ಪುಟವನ್ನು ತೋರಿಸುವುದಷ್ಟಕ್ಕೇ ನಿಲ್ಲುವ ಪ್ರೋಗ್ರಾಮಿನಲ್ಲಿ ಕಳ್ಳನಿಗೆ ದೊರೆಯುವ ಬಾಗಿಲುಗಳು ಕಡಿಮೆ. ಹಾಗೆಂದು ಬಾಗಿಲುಗಳೇ ಇಲ್ಲವೆಂದಲ್ಲ. ಆದುದರಿಂದ ಯಾವ ರೀಡರಾದರೂ ಹೊಸ ಆವೃತ್ತಿಯೇ ಇರಬೇಕು. ಅದನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಅಪರಿಚಿತರು ಕಳುಹಿಸಿದ ಕಡತವನ್ನು ತೆರೆಯಬಾರದು. ಆಸ್ಪತ್ರೆಯ ವರದಿಗಳನ್ನು ಚಿಕ್ಕದು ಮಾಡಿಕೊಡುತ್ತೇವೆನ್ನುವ ಅಪರಿಚಿತ ಜಾಲತಾಣಗಳಿಗೆ ಒಪ್ಪಿಸುವುದೂ ಒಳ್ಳೆಯದಲ್ಲ. ರೋಗದ ವಿವರ ರೋಗಿಗೂ ವೈದ್ಯರಿಗೂ ಸೇರಿದ್ದು.

ಕಣ್ಣಿನ ಆರೈಕೆ

ಪುಟ ಬೇಗ ತೆರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಓದುವ ಕಣ್ಣಿಗೂ ಅದು ಹಿತವಾಗಿರಬೇಕು. ಮನುಷ್ಯನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಕಣ್ಣು ಮಿಟುಕಿಸುತ್ತಾನೆ. ಪರದೆಯನ್ನು ನೋಡುತ್ತ ಕುಳಿತಾಗ ಇದು ಐದಾರು ಬಾರಿಗೆ ಇಳಿಯುತ್ತದೆ. ಕಣ್ಣಿನ ಮೇಲಿನ ನೀರಿನ ಪೊರೆ ಒಣಗಿ ಉರಿ, ಕೆಂಪು, ಮಂಜು ಕಾಣಿಸಿಕೊಳ್ಳುತ್ತವೆ. ನಾಗಪುರದ ಬೇಸಗೆಯಲ್ಲಿ ಉಷ್ಣತೆ 45 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಆ ಒಣಹವೆಯಲ್ಲಿ ಕೂಲರಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯುವಂತೆ ಕುಳಿತು ಓದಿದರೆ ತೊಂದರೆ ಇಮ್ಮಡಿಯಾಗುತ್ತದೆ. ಕೂಲರಿನ ದಿಕ್ಕನ್ನು ಬದಲಿಸುವುದು ಅತ್ಯಂತ ಸುಲಭವಾದ ಚಿಕಿತ್ಸೆ.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬುದು ನೇತ್ರತಜ್ಞರ ಸಲಹೆ. ಪರದೆಯು ಕಣ್ಣಿನಿಂದ ಒಂದು ಕೈ ಅಳತೆಯಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಇರಲಿ. ಬೈಫೋಕಲ್ ಕನ್ನಡಕದವರು ಕೆಳಗಿನ ಗಾಜಿನಿಂದ ಪರದೆಯನ್ನು ನೋಡಲು ಗಲ್ಲವನ್ನು ಮೇಲೆತ್ತಿ ಕತ್ತುನೋವನ್ನು ತಂದುಕೊಳ್ಳುವುದು ಸಾಮಾನ್ಯ. ಅಂಥವರು ಪರದೆಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬೇಕು. ಇಲ್ಲವೆ ಆ ದೂರಕ್ಕೆಂದೇ ಪ್ರತ್ಯೇಕ ಕನ್ನಡಕವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ನೀಲಿ ಬೆಳಕನ್ನು ತಡೆಯುವುದೆಂದು ಹೆಚ್ಚಿನ ಬೆಲೆಗೆ ಮಾರುವ ಕನ್ನಡಕಗಳ ಅಗತ್ಯವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯು ಸ್ಪಷ್ಟವಾಗಿ ಹೇಳಿದೆ.

ರೀಡರಿನ ಕೆಲವು ಸೌಲಭ್ಯಗಳು ಇಲ್ಲಿ ನೆರವಿಗೆ ಬರುತ್ತವೆ. ಹಳೆಯ ಪುಸ್ತಕಗಳ ಸ್ಕ್ಯಾನಿನಲ್ಲಿ ನಾಲ್ಕೂ ಕಡೆ ಅಗಲವಾದ ಅಂಚು ಉಳಿದಿರುತ್ತದೆ. ಸುಮಾತ್ರದಲ್ಲಿ ಕಂಟ್ರೋಲ್ ಮತ್ತು 3 ಎಂಬ ಕೀಲಿಗಳನ್ನು ಒತ್ತಿದರೆ ಅಂಚು ಮರೆಯಾಗಿ ಬರಹವೇ ಪರದೆಯನ್ನು ತುಂಬುತ್ತದೆ; ಒಕ್ಯುಲರಿನಲ್ಲಿಯೂ ಅಂಚನ್ನು ಕತ್ತರಿಸುವ ಆಯ್ಕೆ ಇದೆ. ಎರಡರಲ್ಲಿಯೂ ಹಿನ್ನೆಲೆಯ ಬಣ್ಣವನ್ನು ಬದಲಿಸಿ ಕಣ್ಣು ಕೋರೈಸುವ ಬಿಳುಪನ್ನು ತಗ್ಗಿಸಬಹುದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಕೆಲವರಿಗೆ ಹಿತವೆನಿಸಿದರೂ ಅಸ್ಟಿಗ್ಮ್ಯಾಟಿಸಂ ಉಳ್ಳವರಿಗೆ ಅಕ್ಷರಗಳ ಅಂಚು ಹರಡಿದಂತೆ ಕಾಣುತ್ತದೆ. ಅಂಥವರಿಗೆ ತಿಳಿಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ಲೇಸು. ಇಷ್ಟಾಗಿಯೂ ಅಕ್ಷರ ಮಂಜಾದರೆ ದೋಷ ರೀಡರಿನದಲ್ಲ. ಪೊರೆ, ಸಕ್ಕರೆಕಾಯಿಲೆಯ ಪರಿಣಾಮ, ಕಣ್ಣಿನ ಒತ್ತಡ ಇವುಗಳಲ್ಲಿ ಯಾವುದೂ ಆಗಿರಬಹುದು. ಹಿಗ್ಗಿಸಿಕೊಂಡು ಓದಬಹುದೆಂಬ ಅನುಕೂಲದಿಂದಲೇ ಕಣ್ಣಿನ ಪರೀಕ್ಷೆಯನ್ನು ಮುಂದೂಡುವವರಿದ್ದಾರೆ. ಅದು ಅಪಾಯ.

ಮೂರು ಪರೀಕ್ಷೆಗಳು

ಯಾರೋ ಹೊಗಳಿದರೆಂದು ರೀಡರನ್ನು ಆರಿಸಬೇಕಾಗಿಲ್ಲ. ಮನೆಯ ಯಂತ್ರದಲ್ಲಿಯೇ ಮೂರು ಕಡತಗಳಿಂದ ಅದನ್ನು ಪರೀಕ್ಷಿಸಬಹುದು.

ಮೊದಲನೆಯದು, ಸ್ಕ್ಯಾನ್ ಮಾಡಿದ ದೊಡ್ಡ ಪುಸ್ತಕ. ಇದಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿಗಿಂತ ತಕ್ಕುದು ಬೇರೊಂದಿಲ್ಲ. ಅದರ ಪುಟಗಳು 1,700ಕ್ಕೂ ಹೆಚ್ಚು. ಮೊದಲ ಪುಟ ತೆರೆಯಲು ಎಷ್ಟು ಸೆಕೆಂಡು ಹಿಡಿಯಿತು, ಅಲ್ಲಿಂದ ಸಾವಿರದ ಪುಟಕ್ಕೆ ಹಾರಿದರೆ ಎಷ್ಟು ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು. ನಿಘಂಟನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಬೇಕಾದಲ್ಲಿಗೆ ಹಾರುತ್ತಾರೆ. ಆದುದರಿಂದ ಎರಡನೆಯ ಅಂಕಿಯೇ ಮುಖ್ಯ. ಅದೇ ಸಮಯಕ್ಕೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದು, ರೀಡರು ಎಷ್ಟು ಸ್ಮರಣೆಯನ್ನು ಬಳಸುತ್ತಿದೆಯೆಂದು ತೋರಿಸುತ್ತದೆ.

ಎರಡನೆಯದು, ನುಡಿ ಅಥವಾ ಬರಹದಲ್ಲಿ ಸಿದ್ಧಪಡಿಸಿದ ಒಂದು ಕಡತ. ಸಂಘದ ಹಳೆಯ ಸುತ್ತೋಲೆಯೋ ಮದುವೆಯ ಕರೆಯೋಲೆಯೋ ಇದ್ದರೆ ಸಾಕು. ಒತ್ತಕ್ಷರಗಳೂ ದೀರ್ಘಗಳೂ ತಂತಮ್ಮ ಸ್ಥಾನದಲ್ಲಿ ನಿಂತಿವೆಯೆ, ಹಿಗ್ಗಿಸಿದಾಗ ಅಂಚು ನಯವಾಗಿದೆಯೆ ಎಂದು ನೋಡಬೇಕು.

ಮೂರನೆಯದು, ಗುಪ್ತಪದವುಳ್ಳ ಆರೋಗ್ಯ ವರದಿ. ತೆರೆಯಬೇಕು, ಅಂಕಿಗಳು ಸ್ಪಷ್ಟವಾಗಿ ಕಾಣಬೇಕು, ಮುದ್ರಿಸಿದಾಗ ಎ-4 ಕಾಗದದ ಮೇಲೆ ಪೂರ್ತಿ ಬರಬೇಕು. ಪ್ರಯೋಗಶಾಲೆಯ ವರದಿ, ಆಸ್ಪತ್ರೆಯಿಂದ ಬಿಡುಗಡೆಯ ಪತ್ರ, ವಿಮೆಯ ಪಾಲಿಸಿ ಇವೆಲ್ಲ ಇಂದು ಪಿ.ಡಿ.ಎಫ್. ರೂಪದಲ್ಲಿಯೇ ಬರುತ್ತವೆ. ರಾತ್ರಿ ಹೊತ್ತು ಎದೆನೋವೆಂದು ವೈದ್ಯರಿಗೆ ಫೋನು ಮಾಡಿದಾಗ, ಹೋದ ತಿಂಗಳ ವರದಿಯಲ್ಲಿ ಏನಿತ್ತೆಂದು ಅವರು ಕೇಳುತ್ತಾರೆ. ಆಗ ಯಂತ್ರದ ಮುಂದೆ ಕಾಯುತ್ತ ಕೂರುವ ವ್ಯವಧಾನ ಯಾರಿಗೂ ಇರುವುದಿಲ್ಲ. ವರದಿಗಳನ್ನು ದಿನಾಂಕದ ಹೆಸರಿನಲ್ಲಿ ಒಂದೇ ಕಡೆ ಇಟ್ಟು, ಗುಪ್ತಪದವನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿ, ತಟ್ಟನೆ ತೆರೆಯುವ ರೀಡರನ್ನು ಹಾಕಿಟ್ಟುಕೊಂಡರೆ ಅರ್ಧ ಆತಂಕ ಕಳೆದಂತೆ.

ಈ ಮೂರರಲ್ಲಿಯೂ ತೇರ್ಗಡೆಯಾದ ರೀಡರೇ ಆ ಮನೆಗೆ ತಕ್ಕುದು, ಹೆಸರು ಯಾವುದೇ ಇರಲಿ. ಮೂರರಲ್ಲಿಯೂ ಎಲ್ಲ ಹಗುರ ರೀಡರುಗಳು ಸೋತರೆ ಆಗ ಯಂತ್ರದ ಕಡೆ ನೋಡಬೇಕು. ಅಲ್ಲಿಯೂ ಹೊಸ ಯಂತ್ರ ಕೊಳ್ಳುವ ಮೊದಲು ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸುವ ದಾರಿಯೊಂದಿದೆ. ಹೊಸ ಯಂತ್ರದ ಮಾತು ಕೊನೆಯದಾಗಿರಲಿ.

ಮಕ್ಕಳು ದೀಪಾವಳಿಗೆ ಮನೆಗೆ ಬಂದಾಗ ಇದಕ್ಕೆಲ್ಲ ಅರ್ಧ ಗಂಟೆ ಸಾಕು. ರೀಡರನ್ನು ಹಾಕಿ, ಅಕ್ಷರದ ಅಳತೆಯನ್ನು ತಂದೆತಾಯಿಯರ ಕಣ್ಣಿಗೆ ಹೊಂದಿಸಿ, ನಾಲ್ಕು ಮುಖ್ಯ ಕೀಲಿಗಳ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿ ಹೋದರೆ, ಬಟ್ಟೆ ಹೊದ್ದು ಕುಳಿತ ಯಂತ್ರ ಮರುದಿನ ಸಂಜೆಯೇ ಪುಸ್ತಕವಾಗುತ್ತದೆ. ಬರ್ಡಿಯ ಮನೆಯಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ. ಅವರು ಕನ್ನಡ ಅಕ್ಷರವನ್ನು ನೋಡುವುದು ಅಜ್ಜ ಅಜ್ಜಿ ಓದುವಾಗ ಪಕ್ಕದಲ್ಲಿ ಕುಳಿತರೆ ಮಾತ್ರ. ಅಜ್ಜಿ ಓದಬೇಕಾದರೆ ಪುಟ ತೆರೆಯಬೇಕು.